ಹಾಲು ಉಕ್ಕಿದ ಮನೆ ಮಾರಾಟಕ್ಕಿದೆ

ನನಗೊಂದು ಚಿಂತೆ ಇತ್ತು. ನನಗೆ ಯಾವಾಗಲೂ ಚಿಂತೆ ಇರುತ್ತದೆ, ಅದೇನು ಹೊಸದಲ್ಲ. ಮಗಳು ಚಿನ್ನು ಬಳಪ ನುಂಗಿದರೆ? ಬಾಗಿಲ ಸಂದಿಗೆ ಬೆರಳು ಸಿಕ್ಕಿಸಿಕೊಂಡರೆ? ಗ್ಯಾಸ್ ಆರಿಸಿ ಬಂದೆನೋ ಇಲ್ಲವೋ? ಇವೆಲ್ಲ ಬಂದು ಹೋಗುವ ನೆಂಟರು. ಈ ಚಿಂತೆ ಮಾತ್ರ ಚಾಪೆ ಹಾಸಿಕೊಂಡು ಮಲಗಿಬಿಟ್ಟಿತ್ತು. ಅದು ಇಷ್ಟೇ: ನಾನು ಮೊಳಕಾಲ್ಮೂರಿನಲ್ಲಿ ಒಂದು ಮನೆ ಕೊಂಡಿರುವುದು ಅತ್ತೆಗೆ ಬೇರೆಯವರ ಬಾಯಿಂದ ಗೊತ್ತಾದರೆ?

ಕೊಂಡಿದ್ದು ಇರುವುದಕ್ಕಲ್ಲ, ಮಾರುವುದಕ್ಕೆ. ಮುರುಕು ಮನೆ ಕೊಂಡು, ನಾನೇ ಕೈಯಾರೆ ರಿಪೇರಿ ಮಾಡಿ, ಸುಣ್ಣ ಬಣ್ಣ ಬಳಿದು, ಲಾಭಕ್ಕೆ ಮಾರುವುದು! ಫೋನಿನ ವಿಡಿಯೋದಲ್ಲಿ ಒಬ್ಬ ಹೆಂಗಸು ಇದನ್ನೇ ಮಾಡುತ್ತಾಳೆ. ಹಿಂದೆ ಬರುವ ಹಾಡು ಮುಗಿಯುವುದರೊಳಗೆ ಅವಳ ಮನೆ ಸಿದ್ಧ. ಅವಳ ಉಗುರಿನ ಬಣ್ಣ ಕೂಡ ಹೋಗಿರುವುದಿಲ್ಲ. ಅವಳಿಗೆ ಆಗುವುದು, ಮೈಸೂರಿನಲ್ಲಿ ಓದಿ ಬಂದ ನನಗೆ ಆಗುವುದಿಲ್ಲವೇ?

"ನೋಡ್ರೀ, ನಾನೂ ಮಾಡ್ತೀನಿ," ಎಂದು ಗಂಡ ಮುರುಗೇಶನ ಮುಂದೆ ಘೋಷಿಸಿದೆ. ಅವರು ಚಳ್ಳಕೆರೆಯ ಒಂದು ಎಣ್ಣೆ ಮಿಲ್ಲಿನಲ್ಲಿ ಮ್ಯಾನೇಜರು. ಶೇಂಗಾ ಹಿಂಡಿಯ ವಾಸನೆಯ ಜೊತೆಗೆ ಮನೆಗೆ ಬಂದು ಕೂತಿದ್ದರು.

"ಏನ್ ಮಾಡ್ತೀಯಾ?"

"ಮನೆ."

"ಈ ಬಾಡಿಗೆ ಮನೆ ಬಚ್ಚಲ ನಲ್ಲಿ ಸೋರ್ತೈತೆ. ಮೊದ್ಲು ಅದನ್ನ ಮಾಡು."

"ಸಣ್ಣ ಕೆಲಸ ನನ್ನ ಕೈಲಿ ಆಗಲ್ಲ. ದೊಡ್ಡದೇ ಮಾಡ್ತೀನಿ."

ನನ್ನ ಮಾತಿನಲ್ಲಿ ಅವರಿಗೆ ಏನು ಕಂಡಿತೋ, ಅಥವಾ ಏನೂ ಕೇಳಿಸಲಿಲ್ಲವೋ, ಒಪ್ಪಿದರು. ಇದ್ದ ಉಳಿತಾಯವೆಲ್ಲ ಮೊಳಕಾಲ್ಮೂರಿನ ನೇಕಾರರ ಬೀದಿಯ ಒಂದು ಪುಟ್ಟ ಮಾಳಿಗೆ ಮನೆಯಾಗಿ ರೂಪಾಂತರ ಹೊಂದಿತು. ರಿಜಿಸ್ಟ್ರೇಷನ್ ಮುಗಿಸಿ ಹೊರಗೆ ಬಂದಾಗ ಅವರಿಗೆ ಮೊದಲ ಬಾರಿ ಒಂದು ಪ್ರಶ್ನೆ ಹೊಳೆಯಿತು.

"ಅವ್ವಂಗೆ ಯಾರು ಹೇಳೋದು?"

"ನೀವು. ನಿಮ್ಮ ಅವ್ವ."

"ಮನೆ ಮಾಡೋಳು ನೀನು. ನೀನೇ ಹೇಳು."

"ಅತ್ತೆ ಬೈದರೆ?"

"ಅದಕ್ಕೇ ನೀನೇ ಹೇಳು ಅಂತಿರೋದು."

ಅತ್ತೆ ಸುಲೋಚನಮ್ಮನವರು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಇಷ್ಟು ಹೆದರಿಕೆ ಇರುತ್ತಿರಲಿಲ್ಲ. ಆದರೆ ಮನೆ ಎಂಬ ವಿಷಯ ಬಂದರೆ ಅವರು ಸುಪ್ರೀಂ ಕೋರ್ಟು. ನಾವು ಬಾಡಿಗೆ ಮನೆಗೆ ಬರುವಾಗಲೇ ಒಳ್ಳೆ ದಿನ ಸಿಗಲಿಲ್ಲವೆಂದು ನಮ್ಮ ಸಾಮಾನೆಲ್ಲ ಮಿಲ್ಲಿನ ಗೋಡೌನಿನಲ್ಲಿ ಶೇಂಗಾ ಮೂಟೆಗಳ ನಡುವೆ ಕಾದಿತ್ತು. ಹಳೇ ಮನೆಯಂತೂ ಕೇಳಲೇಬೇಡಿ. "ಯಾರು ಅತ್ತು ಬಿಟ್ಟು ಹೋದ ಮನೆಯೋ ಏನೋ" ಎನ್ನುತ್ತಾರೆ. ಅದಕ್ಕೆ ನಾನು ಒಂದು ಮಹಾ ಯೋಜನೆ ಹಾಕಿದೆ. ಮನೆ ಮಾರಿ, ಪೇಡಾ ಕೊಂಡು, ಅತ್ತೆಯ ಮುಂದೆ ನಿಂತು, "ಅತ್ತೆ, ಹೀಗೊಂದು ಮನೆ ಇತ್ತು" ಎಂದು ಭೂತಕಾಲದಲ್ಲಿ ಹೇಳುವುದು. ಭೂತಕಾಲದ ಮನೆಗೆ ಯಾರೂ ವಾಸ್ತು ನೋಡುವುದಿಲ್ಲ.

ಯೋಜನೆಗೆ ಒಂದೇ ಅಡ್ಡಿ, ತಳಕು. ಚಳ್ಳಕೆರೆಯಿಂದ ಮೊಳಕಾಲ್ಮೂರಿಗೆ ಹೋಗುವ ಬಸ್ಸು ತಳಕಿನಲ್ಲಿ ನಿಲ್ಲುತ್ತದೆ. ಬಸ್ಸು ನಿಲ್ಲುವ ಕಡೆಯಲ್ಲೇ ನನ್ನ ಮಾವನವರ ಬಟ್ಟೆ ಅಂಗಡಿ. ಅಂಗಡಿಯ ಗಲ್ಲಾದಲ್ಲಿ ಅತ್ತೆ. ಹಾಗಾಗಿ ತಳಕು ಬಂದ ಕೂಡಲೇ ನಾನು ಚಪ್ಪಲಿ ಹುಡುಕುವವಳಂತೆ ಸೀಟಿನ ಕೆಳಗೆ ಇಳಿಯುತ್ತಿದ್ದೆ. ಚಿನ್ನುವಿನ ತಲೆಗೆ ದುಪಟ್ಟಾ ಮುಚ್ಚುತ್ತಿದ್ದೆ. ಮೂರು ವರ್ಷದ ಆ ಕೂಸು ದುಪಟ್ಟಾದೊಳಗಿಂದ, "ಅಜ್ಜೀ!" ಎಂದು ಇಡೀ ಬಸ್ಸಿಗೆ ಕೇಳುವಂತೆ ಕೂಗುತ್ತಿತ್ತು. ಕಂಡಕ್ಟರ್ ಒಂದು ದಿನ, "ಏನಮ್ಮಾ, ದಿನಾ ಇಲ್ಲೇ ಏನ್ ಬೀಳಿಸ್ಕೊಳ್ತೀರಾ?" ಎಂದು ಕೇಳಿದ. ಮಾನ ಎಂದು ಹೇಳಬೇಕೆನಿಸಿತು.

ಅತ್ತೆ ಮಧ್ಯಾಹ್ನ ಫೋನ್ ಮಾಡುತ್ತಿದ್ದರು. "ಎಲ್ಲಿದೀಯಾ?"

"ಮನೇಲೇ ಅತ್ತೆ."

ಯಾವ ಮನೆ ಎಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಸುಳ್ಳೇನು ಬಂತು ಅದರಲ್ಲಿ?

ಇನ್ನು ಆ ಮನೆ. ಮಾಳಿಗೆ ಮನೆ ಎಂದರೆ ತಲೆಯ ಮೇಲೆ ಜಂತಿ, ಜಂತಿಯ ಮೇಲೆ ಮಣ್ಣು. ಆ ಮಣ್ಣಿಗೆ ನನ್ನನ್ನು ಕಂಡರೆ ಏನೋ ಮಮತೆ. ನಾನು ಬಾಯಿ ತೆರೆದಾಗಲೆಲ್ಲ ಇಳಿದು ಬರುತ್ತಿತ್ತು. ಚಿನ್ನುವಿನ ತಲೆಗೆ ಹೆಲ್ಮೆಟ್ ಹಾಕಿಯೇ ಒಳಗೆ ಬಿಡುತ್ತಿದ್ದೆ. ಪಡಸಾಲೆಯ ನಡುವೆ ಮಗ್ಗದ ಗುಂಡಿ ಬೇರೆ. ಹಿಂದೆ ಇದ್ದ ನೇಕಾರರು ಅದರಲ್ಲಿ ಕಾಲು ಇಳಿಬಿಟ್ಟು ಕೂತು ರೇಷ್ಮೆ ಸೀರೆ ನೇಯುತ್ತಿದ್ದರಂತೆ. ಮಗು ಬಿದ್ದರೆ ಗತಿಯೇನೆಂದು ಅದನ್ನು ಮುಚ್ಚಲು ನಾನು ಮಣ್ಣು ತಂದೆ. ಆದರೆ ಚಿನ್ನು ಹೆಲ್ಮೆಟ್ ಸಮೇತ ಗುಂಡಿಗೆ ಇಳಿದು, ಗೊಂಬೆಗಳನ್ನು ಸಾಲಾಗಿ ಕೂರಿಸಿಕೊಂಡು, "ಇದು ನನ್ನ ಆಫೀಸು" ಎಂದಳು. ಮೇಲಕ್ಕೆತ್ತಿದರೆ ಬೀದಿ ಒಂದಾಗುವಂತೆ ಅರಚಾಟ. ಗುಂಡಿ ಉಳಿಯಿತು.

ಬಣ್ಣದ ವಿಷಯದಲ್ಲಿ ನಾನು ರಾಜಿಯಾಗಲಿಲ್ಲ. ಅಂಗಡಿಯ ಕಾರ್ಡಿನಲ್ಲಿ ಮರಳುಗಾಡಿನ ಮುಂಜಾವಿನಂತೆ ಹೊಳೆಯುತ್ತಿದ್ದ ಒಂದು ಬಣ್ಣ ಆರಿಸಿದೆ. ಕೈ, ಕತ್ತು, ಕೂದಲು ಎಲ್ಲಕ್ಕೂ ಬಳಿದುಕೊಂಡು ಉಳಿದದ್ದನ್ನು ಗೋಡೆಗೆ ಬಳಿದೆ. ಪಕ್ಕದ ಮನೆಯ ರಾಧಮ್ಮ ಸೊಂಟಕ್ಕೆ ಕೈಯಿಟ್ಟು ಬಂದು ನಿಂತರು. ಆಂಧ್ರದ ಗಡಿಯಾಚೆಯಿಂದ ಮದುವೆಯಾಗಿ ಬಂದವರು. ಕನ್ನಡ ಶುರುಮಾಡಿ ತೆಲುಗಿನಲ್ಲಿ ಉಸಿರು ತೆಗೆದುಕೊಳ್ಳುತ್ತಾರೆ.

"ಅಬ್ಬಬ್ಬಾ! ಎಂತಾ ಚಂದ ಐತೆ ದೀಪಿಕಮ್ಮಾ. ಸಗಣಿ ಸಾರಿಸಿದಂಗೆ ಐತೆ ಚೂಡು! ಇದು ಡಬ್ಬದಾಗೆ ಬರ್ತೈತಾ?"

"ಇದು ಬೀಜ್ ಬಣ್ಣ ರಾಧಮ್ಮ."

"ಯಾವ ಬೀಜನೋ. ನಮ್ಮ ಆಕಳು ದಿನಾ ಪುಕ್ಕಟೆ ಕೊಡ್ತೈತೆ. ಅಡಿಗಿತೇ ಇಚ್ಚೇದಾನ್ನಿ. ಕೇಳಿದ್ರೆ ಕೊಡ್ತಿದ್ದೆ ಅಲ್ಲಮ್ಮಾ."

ಹೀಗಿದ್ದರೂ ಗಿರಾಕಿ ಸಿಕ್ಕರು! ಎರ್ರಿಸ್ವಾಮಿ ಎಂಬ ನೇಕಾರರು. ಅಣ್ಣತಮ್ಮಂದಿರ ಜೊತೆ ಒಂದೇ ಮನೆಯಲ್ಲಿದ್ದು ಇಕ್ಕಟ್ಟಾಗಿ, ಬೇರೆ ಮನೆ ಹುಡುಕುತ್ತಿದ್ದರು. ಬಣ್ಣ ನೋಡಲಿಲ್ಲ, ಜಂತಿ ನೋಡಲಿಲ್ಲ. ನೇರವಾಗಿ ಗುಂಡಿಯ ಹತ್ತಿರ ಹೋಗಿ ಕೂತು ಕಾಲು ಇಳಿಬಿಟ್ಟರು. ಮುಖ ಅರಳಿತು.

"ಗುಂಡಿ ಮುಚ್ಚದಂಗೆ ಇಟ್ಟೀರಲ್ಲಮ್ಮಾ. ಈಗಿನೋರು ಮೊದ್ಲು ಅದನ್ನೇ ಮುಚ್ಚೋದು. ಬುದ್ಧಿವಂತ್ರು ನೀವು."

ನಾನು ವಿನಯದಿಂದ ತಲೆ ತಗ್ಗಿಸಿದೆ. ಗುಂಡಿಯೊಳಗಿಂದ ಚಿನ್ನು, "ಆಫೀಸು ಬಂದ್ ಆಗಿದೆ, ನಾಳೆ ಬನ್ನಿ," ಎಂದಳು. ಎರ್ರಿಸ್ವಾಮಿ ಭಾನುವಾರ ಹೆಂಡತಿಯನ್ನು ಕರೆದುಕೊಂಡು ಬಂದು ಮಾತು ಮುಗಿಸುವುದಾಗಿ ಹೇಳಿ ಹೋದರು. ನಾನು ಮನಸ್ಸಿನಲ್ಲೇ ಪೇಡಾ ಕೊಂಡೆ.

ಆಗ ಬಂತು ಶುಕ್ರವಾರ.

ಅಂದು ಬೆಳಿಗ್ಗೆ ಮನೆ ತುಂಬ ಇರುವೆ. ಕೆಂಪಿರುವೆ. ಇರುವೆ ಪುಡಿ ಹಾಕೋಣವೆಂದರೆ ಚಿನ್ನು ನೆಕ್ಕಿಬಿಟ್ಟರೆ? ಆದ್ದರಿಂದ ಹೊಸಿಲ ಉದ್ದಕ್ಕೂ ಧಾರಾಳವಾಗಿ ಅರಿಶಿನ ಸುರಿದೆ. ಮಗುವಿನ ಹಾಲನ್ನು ನಾನು ಒಂದೇ ಸಲ ಕಾಯಿಸಿ ಕೊಡುವವಳಲ್ಲ. ಬೇರೆ ಊರಿನ ಹಾಲು, ಬೇರೆ ಊರಿನ ಕ್ರಿಮಿ. ಆದ್ದರಿಂದ ಒಂಟಿ ಒಲೆಯ ಗ್ಯಾಸು ತಂದಿಟ್ಟಿದ್ದೆ. ಮನೆಯಿಂದ ಪಾತ್ರೆ ತರಲು ಮರೆತಿದ್ದರಿಂದ ಬಸ್ ಸ್ಟ್ಯಾಂಡಿನಲ್ಲಿ ಹೊಸ ಪಾತ್ರೆ ಕೊಂಡು, ಎರಡನೇ ಸಲ ಹಾಲು ಕಾಯಲು ಇಟ್ಟೆ. ಇದರಲ್ಲಿ ನನ್ನ ತಪ್ಪೇನಿದೆ, ಹೇಳಿ.

ತಿರುಗಿ ನೋಡಿದರೆ ಚಿನ್ನು ಇಲ್ಲ! ಬಾಗಿಲಾಚೆ ನಿಂತು ರಾಧಮ್ಮನ ಹಸುವಿಗೆ ಬಾಳೆಹಣ್ಣು ತೋರಿಸುತ್ತಿದ್ದಾಳೆ. ಹಸುವಿನ ನಾಲಿಗೆ ಅವಳ ಹೆಲ್ಮೆಟ್ಟಿನ ಹತ್ತಿರ! ನಾನು ಕಿರುಚಿದೆ. ಚಿನ್ನು ಬೆದರಿ ಹಣ್ಣು ಹಿಡಿದುಕೊಂಡೇ ಒಳಗೆ ಓಡಿ ಬಂದಳು. ಹಣ್ಣು ಬಂದ ಕಡೆ ಹಸುವೂ ಬಂತು. ಹೊಸಿಲ ಅರಿಶಿನ ತುಳಿದು, ಬಲಗಾಲಿಟ್ಟು, ಗಂಭೀರವಾಗಿ, ಮದುವೆಗೆ ಬಂದ ಹಿರಿಯರ ಹಾಗೆ ಒಳಗೆ ಬಂತು. ನಾನು ಮಗುವನ್ನು ಎತ್ತಿಕೊಂಡು ಗೋಡೆಗೆ ಒತ್ತಿ ನಿಂತೆ. ಆಗಷ್ಟೇ ಎರಡನೇ ಸಲ ಬಳಿದಿದ್ದ ಹಸಿ ಬಣ್ಣ ಬೆನ್ನಿಗೆ ಹತ್ತಿತು. ಹಸು ನೆಲಕ್ಕೆ ಬಿದ್ದ ಬಾಳೆಹಣ್ಣು ತಿನ್ನುತ್ತಿತ್ತು. ಒಲೆಯ ಮೇಲೆ ಹಾಲು ಬುಸ್ಸೆಂದು ಉಕ್ಕಿತು.

ಹಸು ಹುಡುಕಿಕೊಂಡು ರಾಧಮ್ಮ ಬಾಗಿಲಿಗೆ ಬಂದಿದ್ದೂ ಅದೇ ಕ್ಷಣಕ್ಕೆ.

ಅವರು ಹೊಸಿಲ ಅರಿಶಿನ ನೋಡಿದರು. ಹಸು ನೋಡಿದರು. ಹೊಸ ಪಾತ್ರೆಯಿಂದ ಉಕ್ಕುತ್ತಿದ್ದ ಹಾಲು ನೋಡಿದರು. ಆಮೇಲೆ ನನ್ನನ್ನು ನೋಡಿದರು. ಆ ನೋಟದಲ್ಲಿದ್ದ ನೋವನ್ನು ನಾನು ಈ ಜನ್ಮದಲ್ಲಿ ಮರೆಯುವುದಿಲ್ಲ.

"ಏಮ್ಮಾ ದೀಪಿಕಮ್ಮಾ, ನಮಗೊಂದು ಮಾತು ಹೇಳದಂಗೆ ಗೃಹಪ್ರವೇಶ ಮಾಡ್ಕೊಂಡ್ಯಾ?"

"ಅಯ್ಯೋ, ಇದು ಪ್ರವೇಶ ಅಲ್ಲ ರಾಧಮ್ಮ! ಚಿನ್ನುಗೆ ಕಾಯಿಸಿದ ಹಾಲು!"

"ಹಾಲು ಯಾರದಾದ್ರೇನಮ್ಮಾ, ಮನೆ ನಿಂದು ತಾನೆ? ಶುಕ್ರವಾರ ಬೇರೆ. ಕರೀಲಿಲ್ಲ ಅಂತ ನಾವೇನು ಸಿಟ್ಟಾಗಲ್ಲ. ನಮ್ಮ ಆಕಳನ್ನಾದ್ರೂ ಕರೆದ್ಯಲ್ಲ, ಸಾಕು." ಸಿಟ್ಟಾಗಿದ್ದರು.

ನಾನು ಬಟ್ಟೆ ತಂದು ಒಲೆ ಒರೆಸಲು ಹೋದೆ. ರಾಧಮ್ಮ ಕೈ ಹಿಡಿದುಬಿಟ್ಟರು. "ಒರೆಸ್ತಾರಾ ಅದನ್ನ? ಲಕ್ಷ್ಮಿ ಬಂದು ಕೂತವಳೆ!" ಎಂದು ಕೆಂಡದಂಥ ಬರ್ನರಿನ ಪಕ್ಕಕ್ಕೆ ಕುಂಕುಮ ಇಟ್ಟರು. ಮುಂದಿನದನ್ನು ನಾನು ಮಾಡಲಿಲ್ಲ, ನನಗೆ ಆಯಿತು. ಬೀದಿಯ ಹೆಂಗಸರೆಲ್ಲ ಬಂದರು. ಬಾಗಿಲಿಗೆ ಮಾವಿನ ತೋರಣ ಬಂತು. ಎಲೆ ಅಡಿಕೆ, ತೆಂಗಿನಕಾಯಿ, ರವಿಕೆ ಕಣ ಮಡಿಲಿಗೆ ಬಿದ್ದವು. ಸ್ಟೀಲ್ ಡಬ್ಬಿ, ಸ್ಟೀಲ್ ಲೋಟ, ಸ್ಟೀಲ್ ಜಗ್ಗು. ಬೆನ್ನಿನ ತುಂಬ ಸಗಣಿ ಬಣ್ಣ ಬಳಿದುಕೊಂಡು ನಾನು ಎಲ್ಲರಿಂದ ಆರತಿ ಮಾಡಿಸಿಕೊಂಡೆ. ಬಂದವರನ್ನು ಬರಿಬಾಯಲ್ಲಿ ಕಳಿಸಲಾದೀತೇ? ಮೂಲೆಯ ಹೋಟೆಲಿನಿಂದ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತರಿಸಿದೆ. ಈಗ ಯೋಚಿಸಿದರೆ, ತಿಂಡಿಯನ್ನೂ ಹಂಚಿದ ಮೇಲೆ ನನ್ನ ವಾದಕ್ಕೆ ಯಾವ ಕೋರ್ಟಿನಲ್ಲೂ ಬೆಲೆ ಇರುತ್ತಿರಲಿಲ್ಲ.

ಗಂಡನಿಗೆ ಫೋನ್ ಮಾಡಿದೆ.

"ರೀ, ಪ್ರವೇಶ ಆಯ್ತು."

"ಯಾರು ಪ್ರವೇಶ ಮಾಡಿದ್ದು?"

"ಹಸು."

ಅವರು ಯಾರಿಗೋ ಮಿಲ್ಲು ನಿಲ್ಲಿಸಲು ಹೇಳಿದ್ದು ಕೇಳಿಸಿತು.

"ಅದೂ ಅಲ್ಲದೆ ರಾಧಮ್ಮ ಫೋಟೋ ತೆಗೆದು ಸ್ಟೇಟಸ್ ಹಾಕಿದಾರೆ. ಅವರ ತಂಗಿಯನ್ನ ತಳಕಿಗೆ ಕೊಟ್ಟಿದಾರಂತೆ!"

"ಅವ್ವ ಸ್ಟೇಟಸ್ ನೋಡಲ್ಲ ಬಿಡು."

"ನೋಡುವವರು ಬಟ್ಟೆ ತಗೊಳ್ಳೋಕೆ ಅಂಗಡಿಗೆ ಬರ್ತಾರಲ್ಲ!"

"ಹಂಗಾದ್ರೆ ಈಗ್ಲೇ ಫೋನ್ ಮಾಡಿ ಹೇಳಿಬಿಡು."

"ನೀವು ಹೇಳಿ."

"ನಂಗೆ ಲೋಡ್ ಬಂದೈತೆ," ಎಂದು ಇಟ್ಟುಬಿಟ್ಟರು. ನಾನು ಅತ್ತೆಯ ನಂಬರ್ ತೆಗೆದೆ. ನೋಡಿದೆ. ಫೋನಿನ ಪರದೆ ಒರೆಸಿದೆ. ಒಳಗಿಟ್ಟೆ. ಇನ್ನೇನು, ಭಾನುವಾರ ಮಾರಿಬಿಟ್ಟರೆ ಮುಗಿಯಿತಲ್ಲ!

ಭಾನುವಾರ ಮುರುಗೇಶ ಕೂಡ ಬಂದರು. ಎರ್ರಿಸ್ವಾಮಿ ಹೆಂಡತಿ ಮಂಗಳಗೌರಿಯೊಡನೆ ನಗುತ್ತಾ ಬಂದರು. ಮಂಗಳಗೌರಿ ಒಂದು ಚಪ್ಪಲಿ ಬಿಟ್ಟು, ಇನ್ನೊಂದು ಬಿಡುವ ಮೊದಲು ತಲೆಯೆತ್ತಿ ತೋರಣ ನೋಡಿದರು.

"ತೋರಣ ಯಾಕ್ರೀ ಕಟ್ಟೀರಿ?"

ನಾನು ಉತ್ತರ ಹುಡುಕುವುದರೊಳಗೆ ರಾಧಮ್ಮ ಪಕ್ಕದ ಕಟ್ಟೆಯಿಂದ ಸಂಭ್ರಮದಲ್ಲಿ ಕೂಗಿದರು. "ಮೊನ್ನೆ ಶುಕ್ರವಾರ ಹಾಲು ಉಕ್ಕಿಸಿದ್ರಲ್ಲಮ್ಮಾ! ಆಕಳು ನಮ್ಮದೇ!"

ಮಂಗಳಗೌರಿ ಬಿಟ್ಟ ಚಪ್ಪಲಿಯನ್ನು ಮತ್ತೆ ಮೆಟ್ಟಿಕೊಂಡರು. "ನಡಿರಿ. ಇನ್ನೊಬ್ರ ಹೆಸರಲ್ಲಿ ಹಾಲು ಉಕ್ಕಿದ ಮನೆಗೆ ನಾನು ಬರಲ್ಲ. ಬಂದಿರೋ ಲಕ್ಷ್ಮಿನ ಅವರು ಹೊರಗೆ ಹಾಕಿ ನಮ್ಮನ್ನ ಒಳಗೆ ಕರೀತಾರಂತೆ!"

ಎರ್ರಿಸ್ವಾಮಿ ಕಿಟಕಿಯಿಂದ ಗುಂಡಿಯನ್ನು ಆಸೆಯಿಂದ ನೋಡಿ ನಿಟ್ಟುಸಿರು ಬಿಟ್ಟರು. ನಾನು ವಕೀಲೆಯಾದೆ.

"ಸ್ವಲ್ಪ ಕೇಳಿ. ಅರಿಶಿನ ಹಾಕಿದ್ದು ಇರುವೆಗೆ. ಹಾಲು ಮಗುವಿಗೆ. ಹಸುವನ್ನ ನಾವು ಯಾರೂ ಕರೆದಿಲ್ಲ, ಅದು ತಾನಾಗಿಯೇ ಬಂತು."

ಎರ್ರಿಸ್ವಾಮಿಯವರ ಕಣ್ಣು ದೊಡ್ಡವಾದವು. "ತಾನಾಗೇ ಬಂತಾ?"

"ತಾನಾಗಿಯೇ! ಬೇಕಾದರೆ ರಾಧಮ್ಮನ್ನ ಕೇಳಿ."

ಅವರು ಕೈಮುಗಿದುಬಿಟ್ಟರು. "ನಮ್ಮಣ್ಣನ ಮನೆ ಪ್ರವೇಶಕ್ಕೆ ಹಗ್ಗ ಹಾಕಿ, ಹಿಂದಿನಿಂದ ಇಬ್ಬರು ನೂಕಿದ್ರೂ ಆಕಳು ಒಳಗೆ ಬರಲಿಲ್ಲಮ್ಮ. ನಿಮಗೆ ತಾನಾಗೇ ಬಂದೈತೆ ಅಂದ್ರೆ ಈ ಮನೆ ನಿಮ್ಮನ್ನ ಬಿಡಲ್ಲ."

ಮುರುಗೇಶ ನನ್ನ ಕಿವಿಯಲ್ಲಿ, "ಇನ್ನೂ ಏನಾದ್ರೂ ಸಾಕ್ಷಿ ಐತಾ?" ಎಂದರು.

ಇಬ್ಬರೂ ಹೊರಟೇ ಬಿಟ್ಟರು. ನಮ್ಮ ಉಳಿತಾಯ, ನನ್ನ ಬೆನ್ನುನೋವು, ಭೂತಕಾಲದ ಪೇಡಾ ಎಲ್ಲ ಬೀದಿಯ ತಿರುವಿನ ಕಡೆ ನಡೆಯುತ್ತಿದ್ದವು. ಎರ್ರಿಸ್ವಾಮಿಗೆ ಗುಂಡಿಯ ಮೇಲಿನ ಆಸೆ ಬಿಡಲಿಲ್ಲವೋ ಏನೋ, ನಾಲ್ಕು ಹೆಜ್ಜೆ ಹೋಗಿ ನಿಂತರು. ಹೆಂಡತಿಯ ಜೊತೆ ತೆಲುಗಿನಲ್ಲಿ ಏನೋ ಗುಸುಗುಸು. ತಿರುಗಿ ಬಂದರು.

"ಒಂದು ದಾರಿ ಐತಮ್ಮ. ನಿಮ್ಮ ಮನೆ ಹಿರೇರು ಬಾಯಿಬಿಟ್ಟು ಹೇಳ್ಬೇಕು, ಆ ಹಾಲು ನಮ್ಮದಲ್ಲ, ನೀವು ಹೋಗಿ ಇರ್ರಿ ಅಂತ. ಹಿರೇ ಹೆಂಗಸು ಹೇಳಿದ್ರೆ ನಮ್ಮವಳು ಒಪ್ತಾಳೆ. ಯಾರಿದಾರೆ ನಿಮ್ಮನೇಲಿ ಹಿರೇರು?"

ಬಾಗಿಲೊಳಗೆ ನಿಂತಿದ್ದ ಮುರುಗೇಶ ತಲೆಯೆತ್ತಿ ಜಂತಿ ನೋಡತೊಡಗಿದರು. ಕಣ್ಣಿಗೆ ಮಣ್ಣು ಬಿತ್ತು. "ನಮ್ಮವ್ವ," ಎಂದರು, ಕಣ್ಣುಜ್ಜುತ್ತಾ.

"ಮಾಡ್ರಿ ಮತ್ತೆ ಫೋನು," ಎಂದರು ಮಂಗಳಗೌರಿ. "ಸ್ಪೀಕರ್ ಹಾಕ್ರಿ. ನನ್ನ ಕಿವೀಲೇ ಕೇಳ್ಬೇಕು."

ಗಂಡನ ಕಡೆ ನೋಡಿದೆ. ಇನ್ನೊಂದು ಕಣ್ಣನ್ನೂ ಉಜ್ಜಿಕೊಳ್ಳುತ್ತಿದ್ದರು. ಅದಕ್ಕೆ ಮಣ್ಣು ಬಿದ್ದಿರಲಿಲ್ಲ. ನಾನು ಕಣ್ಣುಮುಚ್ಚಿ ನಂಬರ್ ಒತ್ತಿದೆ.

"ಏನವ್ವಾ, ಚಿನ್ನು ಉಂಡ್ಲಾ?"

"ಉಂಡಳು ಅತ್ತೆ."

"ಎಲ್ಲಿದೀಯಾ?"

"ಮನೇಲೇ ಅತ್ತೆ." ಎಲ್ಲರೂ ನನ್ನನ್ನೇ ನೋಡುತ್ತಿದ್ದರು. "ಅಂದರೆ, ಆ ಮನೇಲಲ್ಲ. ಇನ್ನೊಂದು ಮನೇಲಿ. ನಮ್ಮದೇ. ಆದರೆ ಮಾರೋದಕ್ಕೆ."

ಅಲ್ಲಿಂದ ನಾನು ಉಸಿರು ತೆಗೆದುಕೊಳ್ಳಲಿಲ್ಲ. ಮನೆ ಕೊಂಡಿದ್ದು, ಬಣ್ಣ ಬಳಿದಿದ್ದು, ಇರುವೆ, ಬಾಳೆಹಣ್ಣು, ಹಸು, ಹಾಲು, ಮಂಡಕ್ಕಿ, ಎಲ್ಲ ಹೇಳಿದೆ. ಮುಗಿದ ಮೇಲೆ ಅತ್ತೆ ಗಲ್ಲಾ ಪೆಟ್ಟಿಗೆ ಮುಚ್ಚಿದ ಸದ್ದು ಕೇಳಿಸಿತು.

"ನಂಗೊಂದು ಮಾತು ಹೇಳಿದ್ರೆ ನಾನೇನು ಬ್ಯಾಡ ಅಂತಿದ್ನಾ?"

"ಅಂತಿದ್ರಿ ಅತ್ತೆ."

"ಹೂಂ. ಅಂತಿದ್ದೆ." ಆಮೇಲೆ ದನಿ ಸಣ್ಣದಾಯಿತು. "ಮಗನ ಮನ್ಯಾಗೆ ನನ್ನ ಕೈಯಿಂದ ಹಾಲು ಉಕ್ಕಿಸ್ಬೇಕು ಅಂತ ಎಷ್ಟು ಆಸೆ ಇಟ್ಕೊಂಡಿದ್ದೆ ಗೊತ್ತಾ ನಿಂಗೆ?"

ಬೈಗುಳಕ್ಕೆ ನಾನು ಸಿದ್ಧಳಾಗಿದ್ದೆ, ಇದಕ್ಕಲ್ಲ. "ತಪ್ಪಾಯ್ತು ಅತ್ತೆ," ಎನ್ನುವಷ್ಟರಲ್ಲಿ ಕಣ್ಣು ತುಂಬಿತು. ರಾಧಮ್ಮ ಆಗಲೇ ಸೆರಗಿಗೆ ಮೂಗು ಒರೆಸಿಕೊಳ್ಳುತ್ತಿದ್ದರು.

"ಅತ್ತಿದ್ದು ಸಾಕು. ಹಾಲು ಉಕ್ಕಿದಾಗ ಅಲ್ಲಿ ಯಾರಿದ್ರು?"

"ನಾನು, ಚಿನ್ನು, ಹಸು."

"ನಾನಿದ್ನಾ?"

"ಇಲ್ಲ ಅತ್ತೆ."

"ಪಾತ್ರೆಗೆ ಪೂಜೆ ಮಾಡಿದ್ಯಾ?"

"ಇಲ್ಲ."

"ಮತ್ತೆ ಅದು ಹೆಂಗೆ ಪ್ರವೇಶ ಆಗ್ತೈತೆ? ಮನೆ ತಗೊಳ್ಳೋರು ಅಲ್ಲೇ ಇದಾರಲ್ಲ, ಕೇಳಿಸ್ಕೊಳ್ರಮ್ಮ. ಉಕ್ಕಿಸೋದು ಬೇರೆ, ಚೆಲ್ಲೋದು ಬೇರೆ. ನಮ್ಮ ಸೊಸೆ ಚೆಲ್ಲಿರೋದು. ಚಳ್ಳಕೆರೇಲೂ ದಿನಾ ಚೆಲ್ತಾಳೆ. ಅದನ್ನೆಲ್ಲ ಪ್ರವೇಶ ಅಂತ ಹಿಡಿದಿದ್ರೆ ಆ ಬಾಡಿಗೆ ಮನೆ ಯಾವತ್ತೋ ನಮ್ಮದಾಗಬೇಕಿತ್ತು!"

ಎರ್ರಿಸ್ವಾಮಿ ತಿರುಗಿ ನಿಂತು ಕೆಮ್ಮಿದರು. ರಾಧಮ್ಮ ಮುಚ್ಚುಮರೆಯಿಲ್ಲದೆ ನಕ್ಕರು. ನನ್ನ ಗಂಡ, ನನ್ನ ಕೈಹಿಡಿದವರು, "ಅವ್ವ ಹೇಳಿದ್ದು ಖರೆ," ಎಂದು ಗಿರಾಕಿಗಳಿಗೆ ಭರವಸೆ ಕೊಟ್ಟರು.

ಮಂಗಳಗೌರಿ ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದರು. ನಂಬಿಕೆ ಬಂದಂತೆ ಕಂಡಿತು. ಎರಡೂ ಚಪ್ಪಲಿ ಬಿಟ್ಟು ಒಳಗೆ ಬಂದರು.

"ದೀಪಿಕಾ," ಎಂದರು ಅತ್ತೆ.

"ಹೇಳಿ ಅತ್ತೆ."

"ನಿಮ್ದು ಅಂತ ಒಂದು ಮನೆ ಆದ ದಿನ ಹಾಲು ನಾನೇ ಉಕ್ಕಿಸ್ತೀನಿ. ನೀನು ಒಲೆ ಹತ್ರ ಬರ್ಬ್ಯಾಡ."

"ಬರಲ್ಲ ಅತ್ತೆ."

"ಆ ಆಕಳನ್ನ ಮಾತ್ರ ಕರ್ಕೊಂಡು ಬಾ."